ದೊಡ್ಡಮ್ಮನಿಗೆ ಹೇಳಿಕೊಟ್ಟ ಲೆಕ್ಕ

ಅಪ್ಪ ಅಮ್ಮ ದೂರದ ಊರಿನಲ್ಲಿ ಕೆಲಸಕ್ಕಿದ್ದುದರಿಂದ ಮರಿ ಬೆಳೆದದ್ದು ದೊಡ್ಡಮ್ಮನ ಮನೆಯಲ್ಲಿ. ಮರಿ ಅನ್ನುವುದು ದೊಡ್ಡಮ್ಮ ಮುದ್ದಿಗೆ ಇಟ್ಟ ಹೆಸರು. ಕಾಲೇಜು ಮೆಟ್ಟಿಲು ಹತ್ತುವ ವಯಸ್ಸಾದರೂ ಆ ಹೆಸರು ಬಿಟ್ಟುಹೋಗಿರಲಿಲ್ಲ. ಯಾವುದೋ ಜ್ವರದಲ್ಲಿ ದೊಡ್ಡಮ್ಮನ ಕಿವಿ ಮುಕ್ಕಾಲು ಪಾಲು ಹೋಗಿತ್ತು. ಎದುರಿಗಿದ್ದವರ ತುಟಿ ನೋಡಿಯೇ ಮಾತು ಹಿಡಿಯುತ್ತಿದ್ದಳು. ಹೀಗಾಗಿ ಆ ಮನೆಯಲ್ಲಿ ಬೆನ್ನು ತಿರುಗಿಸಿದರೆ ಮಾತು ಮುಗಿದಂತೆ. ಒಬ್ಬರು ಅಡುಗೆಮನೆಯಲ್ಲಿ, ಇನ್ನೊಬ್ಬರು ಕಿಟಕಿಯ ಹತ್ತಿರ. ಸದ್ದಿಲ್ಲದೆ ಹೊತ್ತು ಹೋಗುತ್ತಿತ್ತು.

ದೊಡ್ಡಮ್ಮನ ಕಿವಿಯ ಮೆಷಿನ್ನನ್ನು ರಿಪೇರಿಗೆ ಒಯ್ದಾಗ ಮರಿ ಅಂಗಡಿಯವನನ್ನು ಕೇಳಿದಳು: "ಪಾತ್ರೆ ಬಿದ್ರೆ ಕಿವಿ ಹರಿಯೋ ಹಾಗೆ ಕೇಳತ್ತಂತೆ, ನಾನು ಮಾತಾಡಿದ್ರೆ ಬರೀ ಗೊರಗೊರ ಅಂತೆ. ಯಾಕೆ ಹೀಗೆ?"

"ಅದನ್ನ ಮಾಡಿದ ಎಂಜಿನಿಯರ್‌ನ ಕೇಳ್ಬೇಕಮ್ಮ. ನಾನು ಒರೆಸಿ, ಸೆಲ್ ಹಾಕಿ ಕೊಡೋನು. ನೀನೇ ಓದಿ ಒಂದು ಒಳ್ಳೇದು ಮಾಡು. ಗಣಿತ ಗಟ್ಟಿ ಇರ್ಬೇಕು, ಅಷ್ಟೆ."

ಎಂಜಿನಿಯರಿಂಗ್ ಓದುವ ಆಸೆ ಅವತ್ತೇ ಹುಟ್ಟಿತು. ಆದರೆ ಆ 'ಅಷ್ಟೆ'ಯೇ ಮರಿಗೆ ದಾಟಲಾಗದ ಬೆಟ್ಟ. ಎಂಟನೇ ತರಗತಿಯಲ್ಲಿ ಸೀಮೆಸುಣ್ಣ ಹಿಡಿದು ಬೋರ್ಡಿನ ಮುಂದೆ ನಿಂತು, ಏನು ಮಾಡಬೇಕೆಂದು ಹೊಳೆಯದೆ ಬೆವತಿದ್ದಳು. "ಒಳಗೇನು ತುಂಬಿದೆಯಮ್ಮ, ಹತ್ತಿಯಾ?" ಎಂದು ಮೇಷ್ಟ್ರು ಅವಳ ತಲೆ ತೋರಿಸಿ ಕೇಳಿದಾಗ ಇಡೀ ಕ್ಲಾಸು ನಕ್ಕಿತ್ತು. ಅಂದಿನಿಂದ ತಿಳಿಯದ್ದನ್ನು ಯಾರನ್ನೂ ಕೇಳಿದವಳಲ್ಲ. ಬಾಯಿಪಾಠ ಮಾಡಿ ಹೇಗೋ ಪಾಸಾಗುತ್ತ ಬಂದಿದ್ದಳು. ಈಗ ಪ್ರವೇಶ ಪರೀಕ್ಷೆಯ ಪುಸ್ತಕ ತೆರೆದರೆ ಮೊದಲ ಪುಟದಲ್ಲೇ ಮುಚ್ಚಿಬಿಡುತ್ತಿದ್ದಳು. ಗೆಳತಿಯರು ಟ್ಯೂಷನ್ನಿಗೆ ಕರೆದರು. "ಮನೇಲಿ ಕೆಲಸ ಇದೆ" ಎಂದು ತಪ್ಪಿಸಿಕೊಂಡಳು. ಆಮೇಲೆ ಅವರು ಕರೆಯುವುದನ್ನೂ ಬಿಟ್ಟರು.

ಒಂದು ಸಂಜೆ, ಒಬ್ಬಳೇ ಓದಿ ಓದಿ ಸಾಕಾಗಿ, ದೊಡ್ಡಮ್ಮನ ಎದುರು ಕುರ್ಚಿ ಎಳೆದುಕೊಂಡು ಲೆಕ್ಕವನ್ನು ಬಾಯಿಬಿಟ್ಟು ಹೇಳತೊಡಗಿದಳು. ನಗುವವರು ಯಾರೂ ಇರಲಿಲ್ಲ. ಕಾಳು ಆರಿಸುತ್ತಿದ್ದ ದೊಡ್ಡಮ್ಮ ಕೈ ನಿಲ್ಲಿಸಿ ಅವಳ ತುಟಿಯನ್ನೇ ನೋಡುತ್ತ ಕೂತಳು. ಅದೇ ರೂಢಿಯಾಯಿತು.

ಕೆಲವು ದಿನಗಳ ಮೇಲೆ ದೊಡ್ಡಮ್ಮ ಕೈ ಅಡ್ಡ ಹಿಡಿದಳು.

"ನಿಲ್ಲು ಮರಿ. ಇಲ್ಲೇನೋ ನುಂಗ್ಬಿಟ್ಟೆ."

"ಏನಿಲ್ಲ ದೊಡ್ಡಮ್ಮ."

"ಇದೆ. ದಿನಾ ನೋಡ್ತಿದೀನಿ. ಇಲ್ಲೀವರೆಗೂ ತುಟಿ ಸರಿಯಾಗಿ ಆಡತ್ತೆ. ಈ ಸಾಲಿಗೆ ಬಂದ್ಯೋ, ದಡದಡ ಅಂತ ಓಡ್ತೀಯ. ನಂಗೆ ಒಂದಕ್ಷರಾನೂ ಸಿಗಲ್ಲ. ನಿಧಾನಕ್ಕೆ ಹೇಳು."

"ಆವರಣಕ್ಕಿಂತ ಮೊದಲು ಮೈನಸ್ ಇದ್ರೆ ಒಳಗಿನ ಚಿಹ್ನೆ ಬದಲಾಗತ್ತೆ, ಯಾಕಂದ್ರೆ..." ಮರಿ ಅಲ್ಲಿಗೇ ನಿಂತಳು. "ನಂಗೆ ಗೊತ್ತಿಲ್ಲ ದೊಡ್ಡಮ್ಮ."

ಹೇಳುವಷ್ಟರಲ್ಲಿ ಕಣ್ಣು ತುಂಬಿತು. ಇಷ್ಟು ವರ್ಷಗಳಲ್ಲಿ ಆ ಮಾತನ್ನು ಯಾರೆದುರೂ ಆಡಿರಲಿಲ್ಲ.

"ಗೊತ್ತಿಲ್ದಿದ್ರೆ ಹುಡುಕು. ಅಳ್ಬೇಡ, ಅತ್ರೆ ನಿನ್ನ ತುಟಿ ಓದಕ್ಕೇ ಬರಲ್ಲ."

ಮರುದಿನ ಮರಿ ಮಂಚದ ಕೆಳಗಿನ ಪೆಟ್ಟಿಗೆಯಿಂದ ಎಂಟನೇ ತರಗತಿಯ ಪುಸ್ತಕ ತೆಗೆದಳು. ನಾಚಿಕೆಯಾಯಿತು, ಆದರೂ ಕೂತಳು. ಸಂಜೆ ದೊಡ್ಡಮ್ಮನ ತಟ್ಟೆಯಿಂದ ಹತ್ತು ಕಾಳು ತೆಗೆದು ಮೇಜಿನ ಮೇಲಿಟ್ಟಳು.

"ಹತ್ತರಿಂದ ತೆಗೀಬೇಕಾಗಿರೋದು, ಐದಕ್ಕೆ ಎರಡು ಕಮ್ಮಿ. ನಾನು ಅವಸರಕ್ಕೆ ಐದೂ ತೆಗೆದ್ಬಿಟ್ಟೆ. ಹಾಗಾಗಿ..."

"ಎರಡು ಜಾಸ್ತಿ ತಗೊಂಡೆ. ವಾಪಸ್ ಹಾಕು," ಎಂದಳು ದೊಡ್ಡಮ್ಮ.

ಮರಿ ಎರಡು ಕಾಳು ಹಾಕಿದಳು. ಅದಕ್ಕೇ ಮೈನಸ್ಸು ಪ್ಲಸ್ಸಾಗುವುದು! ಇಷ್ಟೇ ಇಷ್ಟಕ್ಕೆ ಹೆದರಿ ಎಷ್ಟು ವರ್ಷ ಬಾಯಿ ಹೊಲಿದುಕೊಂಡು ಕೂತಿದ್ದೆನಲ್ಲ ಎಂದು ಅವಳಿಗೆ ಸಿಟ್ಟೇ ಬಂತು.

ಆ ವರ್ಷ ಸೀಟು ಸಿಗಲಿಲ್ಲ. ಮತ್ತೆ ಕೆಳಗಿನಿಂದ ಒಂದೊಂದೇ ಪಾಠ ಹತ್ತಿ ಬಂದು, ಮರುವರ್ಷ ದೂರದ ಕಾಲೇಜೊಂದರಲ್ಲಿ ಎಂಜಿನಿಯರಿಂಗ್ ಸೇರಿದಳು.

ಹಾಸ್ಟೆಲಿನ ಕೋಣೆಯಲ್ಲಿ ಮಂಚ, ಮೇಜು, ಗೋಡೆಗೆ ಮುಖ ಮಾಡಿದ ಕುರ್ಚಿ. ದೊಡ್ಡಮ್ಮನಿಗೆ ಫೋನು ಮಾಡುವಂತಿಲ್ಲ. ವಿಡಿಯೋದಲ್ಲಿ ಮುಖ ಆಗಾಗ ನಿಂತುಬಿಡುತ್ತದೆ, "ಏನಂದೆ? ಏನಂದೆ?" ಎಂದು ಕೂಗಿ ಕೂಗಿ ದೊಡ್ಡಮ್ಮನೇ ಸೋತು ಕೈ ಬೀಸುತ್ತಾಳೆ. ಪರದೆ ಆರಿದ ಮೇಲೆ ಮರಿ ಮತ್ತೆ ಗೋಡೆಯ ಕಡೆ ತಿರುಗಿ ಪುಸ್ತಕ ತೆರೆಯುತ್ತಾಳೆ.

ಒಂದು ಭಾನುವಾರ ಎಲ್ಲರೂ ಹೊರಗೆ ಹೋಗಿದ್ದರು. ಒಂದು ಲೆಕ್ಕ ಅರ್ಧಕ್ಕೆ ನಿಂತಿತ್ತು. ಕಾರಿಡಾರಿನ ಕೊನೆಯ ಕೋಣೆಯಲ್ಲಿ ಮಾತ್ರ ಫ್ಯಾನಿನ ಸದ್ದು. ಮರಿ ಪುಸ್ತಕ ಹಿಡಿದು ಹೋಗಿ ಬಾಗಿಲು ತಟ್ಟಿದಳು. ಪರಿಚಯವಿಲ್ಲದ ಹುಡುಗಿಯೊಬ್ಬಳು ಕೆದರಿದ ತಲೆಯಲ್ಲೇ ಬಂದು ಬಾಗಿಲು ತೆಗೆದಳು.

"ಈ ಸಾಲು ನಂಗೆ ಅರ್ಥ ಆಗ್ತಿಲ್ಲ," ಎಂದಳು ಮರಿ.

ಹುಡುಗಿ ಬಗ್ಗಿ ನೋಡಿದಳು. "ಅಯ್ಯೋ, ನಾನೂ ಅಲ್ಲೇ ಸಿಕ್ಕಾಕೊಂಡಿದೀನಿ. ಬಾ ಒಳಗೆ," ಎಂದು ಕುರ್ಚಿಯ ಮೇಲಿನ ಒಗೆದ ಬಟ್ಟೆಗಳನ್ನು ಎತ್ತಿ ಮಂಚಕ್ಕೆ ಹಾಕಿದಳು.