ಪ್ರಾಪ್ತಿಗೆ ನಾಲ್ಕನೇ ದಿನ

ಪ್ರಾಪ್ತಿಗೆ ಕಕ್ಕ ಆಗದೆ ನಾಲ್ಕನೇ ದಿನ. ಮೂರು ವರ್ಷದ ಹುಡುಗಿ ಕಮೋಡಿನ ಮೇಲೆ ಕಾಲು ಜೋತುಬಿಟ್ಟು, ತುಟಿ ಬಿಗಿದು ಕೂತಿದ್ದಳು. ಬಾಗಿಲಲ್ಲಿ ಅವಳ ತಾಯಿ ನಿಖಿತಾ ಮೊಬೈಲು ಹಿಡಿದು ನಿಂತಿದ್ದಳು. ಮೊಬೈಲಿನಲ್ಲಿ, ದುಬೈಯಿಂದ, ಅಪ್ಪ ತರುಣ್. ನಿಖಿತಾಳ ಬೆನ್ನಿಗೆ ಅತ್ತೆ ಶಶಿಪ್ರಭಾ, ಕೈಯ ತಟ್ಟೆಯಲ್ಲಿ ವೀಳ್ಯದೆಲೆ, ಹರಳೆಣ್ಣೆ.

"ಪಪ್ಪ ಡ್ಯೂಟಿಗೆ ಹೋಗುವ ಮೊದಲು ಮಾಡಿ ತೋರಿಸು ಪುಟ್ಟಿ!" ತರುಣ್ ಕೂಗಿದ.

"ನೀನು ಅಲ್ಲಿಂದ ಬೊಬ್ಬೆ ಹಾಕಿದ್ರೆ ಬರುದಿಲ್ಲ ಮಾರಾಯ," ಎಂದರು ಶಶಿಪ್ರಭಾ. "ಈ ಎಲೆಯ ತೊಟ್ಟನ್ನು ಎಣ್ಣೆಯಲ್ಲಿ ಅದ್ದಿ ಹಿಂದಿನಿಂದ ಸ್ವಲ್ಪ ಹಾಕಿದ್ರೆ ಐದು ನಿಮಿಷದ ಕೆಲಸ. ನಿನಗೂ ಹಾಗೇ ಮಾಡಿದ್ದು."

"ಅಮ್ಮಾ! ಇಲ್ಲಿ ರೂಮಿನವರೆಲ್ಲ ಇದ್ದಾರೆ!" ತರುಣ್ ದನಿ ತಗ್ಗಿಸಿದ.

ಆಗಲೇ ಪ್ರಾಪ್ತಿ ಕೈ ಚಾಚಿ, ಪುಟ್ಟ ಅಂಗೈಯಿಂದ ಮೊಬೈಲಿನ ಕ್ಯಾಮೆರಾ ಮುಚ್ಚಿದಳು.

ನಿಖಿತಾ ಆ ಕೈಯನ್ನೇ ನೋಡಿದಳು. ನಿನ್ನೆ ಬಂಟ್ವಾಳದ ಮಕ್ಕಳ ಡಾಕ್ಟರಿಗೆ ಫೋನು ಮಾಡಿದ್ದಳು. ಜ್ವರ, ವಾಂತಿ, ರಕ್ತ ಇಲ್ಲ, ಹೊಟ್ಟೆ ಮೆತ್ತಗಿದೆ ಎಂದಮೇಲೆ ಅವರು ಹಾಲು ಕಡಿಮೆ ಮಾಡಿ, ನೀರು, ಪಪ್ಪಾಯಿ ಕೊಡಿ, ಒಳಗೆ ಏನೂ ತೂರಿಸಬೇಡಿ ಎಂದಿದ್ದರು. ಎಲ್ಲ ಆಗಿತ್ತು. ಆದರೂ ಮಗು ಬಿಗಿಹಿಡಿದು ಕೂತಿತ್ತು. ಮೂವತ್ತೈದರ ಗಂಡಸಿಗೇ ರೂಮಿನವರೆದುರು ಇಷ್ಟು ನಾಚಿಕೆ. ಇವಳ ಮುಂದೆ ದಿನವೂ ಮೂರು ಜನ!

"ಫೋನ್ ಇಡ್ತೇನೆ," ಎಂದು ಇಟ್ಟೇಬಿಟ್ಟಳು. "ಅತ್ತೆ, ನೀವು ತರಕಾರಿ ಹಚ್ಚುವಾಗ ಕೂರುವ ಎತ್ತರದ ಮಣೆ ಕೊಡಿ. ಹತ್ತು ನಿಮಿಷ ನೋಡುವ. ಆಗದಿದ್ರೆ ಡಾಕ್ಟರತ್ರ ಹೋಗುವ. ತೊಟ್ಟು ಮಾತ್ರ ಬೇಡ."

"ನನ್ನ ಮಣೆ ಕಕ್ಕೂಸಿಗಾ?"

"ಹೊಸತು ತಂದುಕೊಡ್ತೇನೆ."

ಗೊಣಗುತ್ತಲೇ ಮಣೆ ಬಂತು. ಕಾಲ ಕೆಳಗಿಟ್ಟಾಗ ಪ್ರಾಪ್ತಿಯ ಮೊಣಕಾಲು ಮೇಲೆದ್ದು, ಕುಕ್ಕರುಗಾಲಲ್ಲಿ ಕೂತ ಹಾಗಾಯಿತು. "ಯಾರೂ ನೋಡುದಿಲ್ಲ. ನಾನು ಹೊರಗೇ ಇದ್ದೇನೆ," ಎಂದು ನಿಖಿತಾ ಬಾಗಿಲನ್ನು ಬೆರಳಷ್ಟು ಸಂದು ಬಿಟ್ಟು ಎಳೆದು, ಬೆನ್ನು ತಿರುಗಿಸಿ ನೆಲದ ಮೇಲೆ ಕೂತಳು. ಮಗಳು ಎಷ್ಟು ತಿಂದಳು, ಎಷ್ಟು ಕುಡಿದಳು ಎಂದು ನೋಡುತ್ತಲೇ ಇರುವವಳಿಗೆ ನೋಡದೆ ಕೂರುವುದು ಸುಲಭವಿರಲಿಲ್ಲ. ಇಣುಕಲಿಲ್ಲ.

ಒಳಗೆ ಪ್ರಾಪ್ತಿ ಬಕೆಟಿನ ಮಗ್ಗಿಗೆ ಏನೋ ಬುದ್ಧಿ ಹೇಳುತ್ತಿದ್ದಳು. ಮಾತು ನಿಂತಿತು. ಒಂದು ಸಣ್ಣ ತಿಣುಕು. ಆಮೇಲೆ ನೀರಿಗೆ ಏನೋ ಬಿದ್ದ ಸದ್ದು.

"ಅಮ್ಮಾ! ನೀರು!"

ನಿಖಿತಾ ತೊಳೆಸಿ ಎತ್ತಿಕೊಂಡು ಬಂದಾಗ ಶಶಿಪ್ರಭಾ ವೀಳ್ಯದೆಲೆಯ ತೊಟ್ಟನ್ನು ಚಿವುಟಿ ಕಿಟಕಿಯಾಚೆ ಎಸೆದು, ಎಲೆಗೆ ಸುಣ್ಣ ಸವರುತ್ತಿದ್ದರು.

"ನನ್ನ ಮಣೆಯಿಂದ ಆದದ್ದು, ನೆನಪಿರಲಿ," ಎಂದರು.

ಮೊಬೈಲು ಹೊಡೆದುಕೊಂಡಿತು. ತರುಣ್.

"ಆಯ್ತಾ? ಆಯ್ತಾ?"

ನಿಖಿತಾ ನಕ್ಕಳು. "ನಾನು ಹೇಳುದಿಲ್ಲ. ಅವಳಿಗೆ ಮನಸ್ಸಿದ್ರೆ ಅವಳೇ ಹೇಳ್ತಾಳೆ."

ಪ್ರಾಪ್ತಿ ಅಮ್ಮನ ಹೆಗಲಲ್ಲಿ ಮುಖ ಹುದುಗಿಸಿ, ಹೇಳುವುದಿಲ್ಲವೆಂದು ತಲೆಯಾಡಿಸಿದಳು.