ಬುಧವಾರದವರೆಗೆ ಕಾಯದ ಎದೆ

ಅತ್ತೆ ಇಸ್ತ್ರಿ ಪೆಟ್ಟಿಗೆಯನ್ನು ಬದಿಗೆ ನಿಲ್ಲಿಸಿ ಮೇಜಿಗೆ ಒರಗಿದಾಗ ಸೊಸೆಯ ಕಣ್ಣಿಗೆ ಮೊದಲು ಬಿದ್ದದ್ದು ಅವರ ಮುಖವಲ್ಲ, ಅರ್ಧ ಮಡಿಸಿ ಬಿಟ್ಟ ಅಂಗಿ. ಅತ್ತೆ ಅಂಗಿಯನ್ನು ಅರ್ಧಕ್ಕೆ ಬಿಟ್ಟವರೇ ಅಲ್ಲ. ಮನೆಗೆ ಬೆಂಕಿ ಬಿದ್ದರೂ ಕಾಲರ್ ಮುಗಿಸಿಯೇ ಬಕೆಟ್ ಹುಡುಕುವ ಹೆಂಗಸು.

"ಸಂಕಟ ಕಣೇ," ಅಂದರು.

ಆ ಮಾತು ಅವರ ಬಾಯಲ್ಲಿ ಯಾವಾಗಲೂ ಇದ್ದದ್ದೇ. ಹಾಲು ಉಕ್ಕಿದರೆ ಸಂಕಟ, ನಲ್ಲಿ ನಿಂತರೆ ಸಂಕಟ, ಮೇಲಿನ ಮನೆಯವರು ಕುರ್ಚಿ ಎಳೆದರೆ ಸಂಕಟ. ಹಾಗಾಗಿ ಮನೆಯಲ್ಲಿ ಯಾರೂ ಅದನ್ನು ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ. ಆದರೆ ಇವತ್ತು ಅವರ ಮುಖ ಒದ್ದೆ ಬಟ್ಟೆಯ ಬಣ್ಣಕ್ಕೆ ತಿರುಗಿತ್ತು.

"ಎಲ್ಲಿ ಅತ್ತೆ?"

"ಎಲ್ಲಿ ಅಂದ್ರೆ? ಎದೆ. ಆಮೇಲೆ ಈ ಎಡಗೈ. ಇಸ್ತ್ರಿ ಹಿಡಿಯೋದು ಬಲಗೈ, ನೋಯೋದು ಎಡಗೈ. ದುಡಿಯೋರು ಒಬ್ಬರು, ಸುಸ್ತು ಇನ್ನೊಬ್ಬರಿಗೆ. ನಿನ್ನ ಗಂಡನ ಹಾಗೇ ಇದೆ ನೋಡು ಈ ಕೈ."

ಆ ಬೀದಿಯಲ್ಲಿ ಕಾಯಿಲೆ ಬಂದವರು ನೇರ ಡಾಕ್ಟರ ಹತ್ತಿರ ಹೋಗುತ್ತಿರಲಿಲ್ಲ. ಮೊದಲು ಮೂಲೆಯ ಔಷಧಿ ಅಂಗಡಿ. ಬೇರೆ ಬೇರೆ ಊರುಗಳಿಂದ ಬಂದು ನೆಲೆಸಿದವರ ಬೀದಿ ಅದು, ಒಂದೊಂದು ಮನೆಯಲ್ಲಿ ಒಂದೊಂದು ಭಾಷೆ. ಅಂಗಡಿಯವನು ಅಷ್ಟೂ ಭಾಷೆಗಳಲ್ಲಿ 'ಗ್ಯಾಸು' ಅನ್ನುವುದನ್ನು ಕಲಿತಿದ್ದ. ಅದೊಂದನ್ನೇ ಕಲಿತಿದ್ದ. ಅತ್ತೆಯೂ ಅವನ ಮಾತ್ರೆ ನುಂಗಿ ನುಂಗಿ ಬೇಸತ್ತಿದ್ದರು. ಆರೋಗ್ಯ ಕೇಂದ್ರ ಎರಡೇ ಬೀದಿ ಆಚೆಗಿದ್ದರೂ ಅದರ ಮೆಟ್ಟಿಲು ಹತ್ತುವುದು ಕೊನೆಗೆ. ಯಾಕೆಂದರೆ ಅಲ್ಲಿ ಕಾಯಿಲೆ ಇದ್ದರೆ ಸಾಲದು, ಬಾಯಿಯೂ ಬೇಕು. ಈ ಊರಿನ ಭಾಷೆ ಬರುವ ಬಾಯಿ.

ಸೊಸೆಗೆ ಬರುತ್ತಿತ್ತು. ಆದರೆ ಅವಳು ಅದನ್ನು ಕಲಿತದ್ದು ಹೊಲಿಗೆ ಅಂಗಡಿಯಲ್ಲಿ, ಗಿರಾಕಿಗಳ ಭುಜ, ತೋಳು, ಸೊಂಟ ಅಳೆಯುತ್ತಾ. ಬಿಗಿ, ಸಡಿಲ, ಎಳೆಯುತ್ತೆ, ಬಿಚ್ಚಿ ಹೊಲೀಬೇಕು: ಇಷ್ಟರಲ್ಲಿ ಅವಳನ್ನು ಯಾರೂ ಮೀರಿಸುವಂತಿರಲಿಲ್ಲ. ಅದರಾಚೆ ಕಾಲಿಟ್ಟರೆ ನಾಲಿಗೆ ಜಾರುತ್ತಿತ್ತು. ಜಾರದಿದ್ದರೂ ಅವಳ ದನಿ ಎದುರಿನವರು ಬಾಗಿ ಕೇಳಬೇಕಾದಂಥದ್ದು. ಅತ್ತೆ ಅವಳಿಗೆ ಇಟ್ಟ ಹೆಸರೇ 'ಪಿಸುಮಾತು'.

ಆದರೂ ಇವತ್ತು ಅವಳು ಔಷಧಿ ಅಂಗಡಿಯನ್ನು ದಾಟಿ ಅತ್ತೆಯನ್ನು ನೇರ ಆರೋಗ್ಯ ಕೇಂದ್ರಕ್ಕೇ ಕರೆತಂದಳು. ಅಲ್ಲಿಯ ಡಾಕ್ಟರು ಕಣ್ಣಡಿಯಲ್ಲಿ ನಿದ್ದೆಯ ಬಾಕಿ ಹೊತ್ತ ಹೆಂಗಸು. ಕೆಟ್ಟವರೇನಲ್ಲ. "ಇವರಿಗೆ ಏನು ತೊಂದರೆ?" ಅಂತ ಮೃದುವಾಗಿಯೇ ಕೇಳಿದರು.

ಸೊಸೆ ಪೇಚಿಗೆ ಬಿದ್ದಳು. ಸಂಕಟಕ್ಕೆ ಊರಿನ ಭಾಷೆಯಲ್ಲಿ ಏನನ್ನುತ್ತಾರೆ? ಒಬ್ಬ ಗಿರಾಕಿ ನೆನಪಾದಳು. ತೀರಿಹೋದ ಗಂಡನ ಕೋಟನ್ನು ತನ್ನ ಅಳತೆಗೆ ಚಿಕ್ಕದು ಮಾಡಿಸಲು ಬಂದಿದ್ದವಳು ಎದೆ ಮುಟ್ಟಿಕೊಂಡು ಒಂದು ಮಾತು ಆಡಿದ್ದಳು. ಸೊಸೆ ಆ ಮಾತನ್ನೇ ಎತ್ತಿ ಡಾಕ್ಟರ ಮುಂದಿಟ್ಟಳು.

ಡಾಕ್ಟರು ಪೆನ್ನು ಕೆಳಗಿಟ್ಟರು. "ದುಃಖವೇ? ಮನೆಯಲ್ಲಿ ಯಾರಿಂದ?"

ಪ್ರಶ್ನೆ ಅತ್ತೆಗೆ, ನೋಟ ಸೊಸೆಗೆ. ನರ್ಸು ಸದ್ದಿಲ್ಲದೆ ಬಂದು ಇಬ್ಬರ ನಡುವೆ ನಿಂತುಕೊಂಡಳು. ಸೊಸೆಯ ಕಿವಿ ಬಿಸಿಯಾಯಿತು. ಅಲ್ಲ, ಹಾಗಲ್ಲ ಅನ್ನುವಷ್ಟರಲ್ಲಿ ಡಾಕ್ಟರು ಅತ್ತೆಯ ಬಿಪಿ ನೋಡಿ, 'ಸ್ವಲ್ಪ ಜಾಸ್ತಿ, ಚಿಂತೆಗೆ ಹೀಗಾಗುತ್ತೆ' ಅಂದು, ಇಬ್ಬರನ್ನೂ ಪಕ್ಕದ ಕೋಣೆಗೆ ದಾಟಿಸಿದ್ದಾಗಿತ್ತು.

ಅಲ್ಲಿ ಮೆತ್ತನೆ ಕುರ್ಚಿ, ಮೇಜಿನ ಮೇಲೆ ಕಣ್ಣೊರೆಸುವ ಕಾಗದದ ಡಬ್ಬಿ, ಡಬ್ಬಿಯ ಹಿಂದೆ ಸಲಹೆಗಾರ್ತಿ. ಆಕೆ ಅತ್ತೆಯ ಕೈ ಹಿಡಿದು, ಸೊಸೆಯತ್ತ ಬೆರಳು ತೋರಿಸಿ, ತನ್ನದೇ ಕೆನ್ನೆಗೆ ಮೆಲ್ಲಗೆ ಒಂದು ಕೊಟ್ಟುಕೊಂಡು, ಹುಬ್ಬು ಮೇಲೆತ್ತಿದಳು. ಹೊಡೀತಾಳಾ?

ಅತ್ತೆಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಆಮೇಲೆ ನಗು ಒತ್ತರಿಸಿ ಬಂತು. "ಇವಳಾ? ನನ್ನನ್ನಾ? ಅಯ್ಯೋ, ಇವಳು ಹಿಟ್ಟನ್ನೂ ಅಪ್ಪಣೆ ಕೇಳಿ ನಾದ್ತಾಳೆ ಕಣಮ್ಮ!"

ನಗು ಅರ್ಧಕ್ಕೆ ನಿಂತಿತು. ಅಂಗಿಯ ಹಾಗೆ. ಕೈ ಎದೆಗೆ ಹೋಯಿತು.

"ಅವರಿಗೆ ಮೈ ಸರಿಯಿಲ್ಲ," ಸೊಸೆ ಪಿಸುಗುಟ್ಟಿದಳು. "ನಾನು ಹೇಳಿದ ಮಾತು ತಪ್ಪು..."

"ನೀವು ಹೊರಗಿರಿ," ಸಲಹೆಗಾರ್ತಿ ಅಂದಳು. "ಇಂಥ ವಿಷಯದಲ್ಲಿ ಮನೆಯವರು ಮಾತು ದಾಟಿಸುವ ಹಾಗಿಲ್ಲ. ನಿಮ್ಮ ಭಾಷೆಯ ದುಭಾಷಿ ಬುಧವಾರ ಬರುತ್ತಾರೆ. ಆಗ ಕರೆದುಕೊಂಡು ಬನ್ನಿ."

ಅವತ್ತು ಶುಕ್ರವಾರ.

"ಏನಂತೆ?" ಅತ್ತೆ ಕೇಳಿದರು. ಸೊಸೆ ಹೇಳಿದಳು.

ಅತ್ತೆ ಕುರ್ಚಿಯ ಎರಡೂ ತೋಳು ಹಿಡಿದರು. "ಹೌದಾ? ಹಾಗಾದ್ರೆ ಆ ಯಮ್ಮನೇ ನನ್ನ ಎದೆಗೆ ಒಂದು ಮಾತು ಹೇಳ್ಲಿ, ಬುಧವಾರದವರೆಗೂ ತೆಪ್ಪಗಿರು ಅಂತ. ನಾನು ಏಳಲ್ಲ. ಎದೆಗೆ ಮಿಷಿನ್ ಇಟ್ಟು ನೋಡೋತನಕ ಏಳಲ್ಲ. ಕುರ್ಚಿ ಬೇಕಾದ್ರೆ ನನ್ನ ಸಮೇತ ಎತ್ಕೊಂಡು ಹೋಗ್ಲಿ. ನೀನು ಇದನ್ನ ಇದ್ದ ಹಾಗೇ ಹೇಳು. ನಯ ಮಾಡ್ಬೇಡ."

ನಯ ಮಾಡುವುದೇ ಸೊಸೆಯ ಅಭ್ಯಾಸ. ಅತ್ತೆ ಕಲ್ಲು ಎಸೆದರೆ ಅವಳು ಅದನ್ನು ಹತ್ತಿಯಲ್ಲಿ ಸುತ್ತಿ ಎದುರಿನವರಿಗೆ ಕೊಡುವವಳು. ಆದರೆ ಈಗ ಅತ್ತೆಯ ಹಣೆಯಿಂದ ಒಂದು ಹನಿ ಜಾರಿ ಗದ್ದದ ತುದಿಯಲ್ಲಿ ನಿಂತಿತ್ತು. ಅದು ಕೆಳಗೆ ಬಿದ್ದದ್ದನ್ನು ನೋಡಿದ್ದೇ ಸೊಸೆ ಹೊರಟಳು. ಬಾಗಿಲ ಹೊರಗಲ್ಲ, ನೇರ ಡಾಕ್ಟರ ಕೋಣೆಗೆ. ಒಳಗೆ ಬೇರೆ ರೋಗಿಯಿದ್ದ. ಇರಲಿ.

"ಬನ್ನಿ," ಅಂದಳು. ಡಾಕ್ಟರು ತಲೆಯೆತ್ತಲಿಲ್ಲ.

"ಬನ್ನಿ!"

ಆ ಕೂಗು ಎಲ್ಲಿಂದ ಬಂತೋ. ಹೊರಗೆ ಬೆಂಚಿನ ಮೇಲೆ ಕೂತಿದ್ದವರು, ಒಬ್ಬರ ಭಾಷೆ ಇನ್ನೊಬ್ಬರಿಗೆ ಬಾರದವರು, ಎಲ್ಲರೂ ಒಟ್ಟಿಗೇ ಕತ್ತು ಚಾಚಿದರು. ಅವರಲ್ಲೊಬ್ಬ ಅತ್ತೆ-ಸೊಸೆಯರದೇ ಬೀದಿಯ ಚಪ್ಪಲಿ ಹೊಲಿಯುವ ಅಜ್ಜ. ಸೊಸೆಯ ಹಿಂದೆ ಓಡಿಬಂದ ನರ್ಸು ಅವಳ ರಟ್ಟೆ ಹಿಡಿಯಹೋದಾಗ ಅಜ್ಜ ಎದ್ದು ಅಡ್ಡ ನಿಂತ. ತನ್ನ ಭಾಷೆಯಲ್ಲಿ ಏನೋ ಅಂದ. ಯಾರಿಗೂ ತಿಳಿಯಲಿಲ್ಲ, ಆದರೆ ಅದು ಬೈಗುಳ ಅನ್ನುವುದರಲ್ಲಿ ಯಾರಿಗೂ ಅನುಮಾನವಿರಲಿಲ್ಲ.

ಡಾಕ್ಟರು ಎದ್ದು ಸೊಸೆಯ ಹಿಂದೆ ಅತ್ತೆ ಕೂತಿದ್ದ ಕೋಣೆಗೆ ಬಂದರು. ಸೊಸೆ ಚೀಲದಿಂದ ಅಳತೆ ಟೇಪು ತೆಗೆದು ಅತ್ತೆಯ ಎದೆಯ ಸುತ್ತ ಹಾಕಿದಳು. ಎಳೆಯಲಿಲ್ಲ, ತೋರಿಸಿದಳಷ್ಟೆ. ಆಮೇಲೆ ತನಗೆ ಗೊತ್ತಿದ್ದ ಮಾತಿನಲ್ಲೇ, ಹೊಲಿಗೆ ಅಂಗಡಿಯ ಮಾತಿನಲ್ಲೇ, ಕೋಣೆ ತುಂಬುವ ಹಾಗೆ ಹೇಳಿದಳು.

"ಇಲ್ಲಿ ಬಿಗಿ. ಬಟ್ಟೆ ಅಲ್ಲ, ಒಳಗೆ. ಎರಡು ಅಳತೆ ಚಿಕ್ಕದು ಹೊಲಿದ ಹಾಗೆ. ಇಲ್ಲಿಂದ ನೂಲು ಎಳೆಯುತ್ತೆ. ಭುಜ. ಕಂಕುಳು. ಎಡ ತೋಳು ಪೂರ್ತಿ, ಗುಂಡಿ ಹಾಕೋ ಜಾಗದವರೆಗೂ. ನಾನು ಮೊದಲು ಹೇಳಿದ್ದು ತಪ್ಪು ಮಾತು. ದುಃಖ ಅಲ್ಲ. ಬಿಗಿ!"

ಡಾಕ್ಟರ ಕಣ್ಣಿನ ನಿದ್ದೆ ಹಾರಿಹೋಯಿತು. ಬೆರಳು ಅತ್ತೆಯ ನಾಡಿಗೆ ಹೋಯಿತು, ಬಾಯಿ ನರ್ಸಿಗೆ ಏನೋ ಅಂದಿತು, ನರ್ಸು ಓಡಿದಳು. ಇಸಿಜಿ ಮಿಷಿನ್ ಬಂತು. ಕಾಗದ ಹೊರಬರುತ್ತಿದ್ದಂತೆ ಡಾಕ್ಟರು ಅದನ್ನು ಹರಿಯುವ ಮೊದಲೇ ಫೋನು ಎತ್ತಿಕೊಂಡು ಆಂಬುಲೆನ್ಸ್ ಕರೆದರು. ಅತ್ತೆಗೆ ಒಂದು ಮಾತ್ರೆ ಅಗಿಯಲು ಕೊಟ್ಟರು.

"ಹೃದಯದ್ದೇ," ಅಂದರು ಸೊಸೆಗೆ. "ದೊಡ್ಡಾಸ್ಪತ್ರೆಗೆ ಈಗಲೇ ಹೋಗಬೇಕು. ಬೇಗ ಸಿಕ್ಕಿದ್ದು ಒಳ್ಳೆಯದಾಯಿತು. ಆದರೆ ಇದನ್ನು ಮೊದಲೇ ಯಾಕೆ ಹೇಳಲಿಲ್ಲ ನೀವು?"

ಬೇರೆ ದಿನವಾಗಿದ್ದರೆ ಸೊಸೆ ತಲೆ ತಗ್ಗಿಸುತ್ತಿದ್ದಳು.

"ತಪ್ಪು ಹೇಳಿದೆ. ಸರಿ ಹೇಳೋಕೆ ಬಂದಾಗ ಬುಧವಾರ ಬಾ ಅಂದ್ರಿ," ಅಂದಳು. ಸಲಹೆಗಾರ್ತಿ ಕಾಗದದ ಡಬ್ಬಿಯನ್ನು ಸುಮ್ಮನೆ ಆಚೆಗೊಮ್ಮೆ ಈಚೆಗೊಮ್ಮೆ ಸರಿಸಿದಳು.

ಆಂಬುಲೆನ್ಸಿನವನು ಬಾಗಿಲಲ್ಲಿ ಕೇಳಿದ: "ಜೊತೆಗೆ ಒಬ್ಬರೇ. ಭಾಷೆ ಬರುವವರು ಯಾರು?"

"ನಾನು," ಅಂದಳು ಸೊಸೆ. ನರ್ಸಾಗಲಿ ಸಲಹೆಗಾರ್ತಿಯಾಗಲಿ ಬೇಡ ಅನ್ನುತ್ತಾರೇನೋ ಎಂದು ಕಾದು ನೋಡಿದಳು ಕೂಡ. ಅಂದಿದ್ದರೆ ಅವರಿಗೂ ಇತ್ತು.

ದಾರಿಯಲ್ಲಿ ಅತ್ತೆ ಮೂಗಿನ ಮೇಲಿನ ಆಕ್ಸಿಜನ್ ಮಾಸ್ಕನ್ನು ತುಸು ಸರಿಸಿದರು. "ಏ ಪಿಸುಮಾತು, ಇಷ್ಟು ದೊಡ್ಡ ಗಂಟಲು ಎಲ್ಲಿ ಬಚ್ಚಿಟ್ಟಿದ್ದೆ?"

"ನೀವಿರೋ ಮನೇಲಿ ಬಾಯಿ ಬಿಡೋಕೆ ಜಾಗ ಎಲ್ಲಿತ್ತು ಅತ್ತೆ?"

"ನಗಿಸ್ಬೇಡ. ಬಿಗಿ ಹಿಡಿಯುತ್ತೆ," ಅಂದರು ಅತ್ತೆ. ಆಮೇಲೆ, "ಆ ಅಂಗಿ ಹಾಗೇ ಬಿಟ್ಟು ಬಂದೆ. ಗೆರೆ ಬಿದ್ದಿರುತ್ತೆ."

"ಬೀಳ್ಲಿ."

ದೊಡ್ಡಾಸ್ಪತ್ರೆಯ ಬಾಗಿಲಲ್ಲಿ ಹೊಸ ಮುಖ, ಹೊಸ ನರ್ಸು, ಅದೇ ಪ್ರಶ್ನೆ. "ಇವರಿಗೆ ಏನು ತೊಂದರೆ?"

ಅತ್ತೆ ತಲೆಯೆತ್ತಿ, "ಸಂಕ..." ಅಂತ ಶುರುಮಾಡಿದರು.

"ಅತ್ತೆ, ನೀವು ಸುಮ್ನಿರಿ!" ಅಂದ ಸೊಸೆ ಕೊರಳಿಗೆ ಟೇಪು ಹಾಕಿಕೊಂಡು ಮುಂದೆ ಬಂದಳು. ಅವಳ ದನಿ ಕೇಳಲು ಈಗ ಯಾರೂ ಬಾಗಬೇಕಾಗಿರಲಿಲ್ಲ.