ಒಂದೇ ಸ್ವರದ ಶ್ರುತಿಕವೆ

ನನಗೆ ಬರುವುದು ಒಂದೇ ಸ್ವರ. ಹುಟ್ಟಿದ ದಿನ ಅದನ್ನು ನನ್ನೊಳಗೆ ಇಟ್ಟರು. ಬೇರೆಯದನ್ನು ನಾನು ಕಲಿಯಲಿಲ್ಲ, ಕಲಿಯಲು ಆಗುವುದೂ ಇಲ್ಲ. ಎರಡು ಉಕ್ಕಿನ ಕಾಲು, ಕೆಳಗೊಂದು ಹಿಡಿ, ಇಷ್ಟೇ ನನ್ನ ಮೈ. ಜನ ಶ್ರುತಿಕವೆ ಎನ್ನುತ್ತಾರೆ. ಮೊಣಕಾಲಿಗೆ ತಟ್ಟಿ ಕಿವಿಯ ಬಳಿ ಹಿಡಿದರೆ ಹಾಡುವವರಿಗೆ ಶ್ರುತಿ ಕೊಡುತ್ತೇನೆ.

ಜರ್ಮನಿಯ ಒಂದು ಸಣ್ಣ ಊರಿನಲ್ಲಿ ಒಬ್ಬ ಮುದುಕ ನನ್ನನ್ನು ಅರದಿಂದ ಉಜ್ಜಿ, ಕೇಳಿ, ಮತ್ತೆ ಉಜ್ಜಿ, ಸೆಕೆಂಡಿಗೆ ನಾನೂರ ಮೂವತ್ತೈದು ಸಲ ನಡುಗುವಂತೆ ಮಾಡಿದ. ಆ ಕಾಲಕ್ಕೆ ಅದೇ ಸರಿ. ಹಿಡಿಯ ಮೇಲೆ ಆ ಅಂಕೆಯನ್ನೂ ಕೊರೆದ. ಪಾದ್ರಿಯೊಬ್ಬರ ತಗಡಿನ ಪೆಟ್ಟಿಗೆಯಲ್ಲಿ ನಾನು ಹಡಗು ಹತ್ತಿ ಮಂಗಳೂರಿಗೆ ಬಂದೆ. ಅಲ್ಲಿಯ ಉಪ್ಪುಗಾಳಿಗೆ ಅಂಕೆ ಅಳಿಸಿಹೋಯಿತು. ಸ್ವರ ಉಳಿಯಿತು.

ಕೈಯಿಂದ ಕೈಗೆ ದಾಟಿ ಕೊನೆಗೆ ತೆಯೋಫಿಲ್ ಮಾಸ್ತರರ ಜೇಬು ಸೇರಿದೆ. ವಾರವಿಡೀ ಅಚ್ಚುಕೂಟದಲ್ಲಿ ಅಕ್ಷರದ ಮೊಳೆ ಜೋಡಿಸುತ್ತಿದ್ದ ಅವರು ಭಾನುವಾರ ಚರ್ಚಿನ ಹಾಡುಗಾರರಿಗೆ ಮಾಸ್ತರರು. ಅಲ್ಲಿಯ ಹಾರ್ಮೋನಿಯಂನ ತಿದಿಯನ್ನು ಇಲಿ ತಿಂದು ಯಾವ ಕಾಲವೋ ಆಗಿತ್ತು. ವಾದ್ಯವಿಲ್ಲದೆ, ನಾಲ್ಕು ದನಿ ಕೂಡಿಸಿ ಕನ್ನಡದ ಕೀರ್ತನೆ ಹಾಡುತ್ತಿದ್ದರು. ಶುರುವಾಗುವ ಮೊದಲು ಮಾಸ್ತರರು ನನ್ನನ್ನು ತಟ್ಟಿ, ಕೇಳಿ, ಒಬ್ಬೊಬ್ಬರ ಕಡೆಗೂ ತಿರುಗಿ ಅವರವರ ಸ್ವರವನ್ನು ಗುನುಗುತ್ತಿದ್ದರು. ಎಲ್ಲರೂ ಕಾಯುತ್ತಿದ್ದದ್ದು ನನ್ನನ್ನು. ನನಗೆ ಅದರ ಹೆಮ್ಮೆಯಿತ್ತು.

ಕಾಯದವಳು ಒಬ್ಬಳೇ, ಜೆಮೀಮ. ಎಂಟು ವರ್ಷ. ತಾಯಿಯಿಲ್ಲದ ಅವಳನ್ನು ದೊಡ್ಡಮ್ಮ ಸುಗುಣಕ್ಕ ಸಾಕುತ್ತಿದ್ದರು.

"ನೀವು ಕವೆ ತಟ್ಟುವ ಮೊದಲೇ ಇವಳು ಸ್ವರ ಹಿಡಿದು ಕೂತಿರ್ತಾಳೆ ಮಾಸ್ತರ್ರೇ. ನಿಮ್ಮ ಕೆಲಸ ಹೋಯ್ತು" ಎಂದರು ಸುಗುಣಕ್ಕ.

"ಹೋಗಲಿ ಮಾರಾಯ್ತಿ. ಸಂಬಳ ಉಂಟಾ ಇದಕ್ಕೆ?"

ಆದರೂ ಅವರು ನನ್ನನ್ನು ತಟ್ಟಿ ನೋಡಿದರು. ಹುಡುಗಿಯ ಗಂಟಲಿನಲ್ಲಿ ಇದ್ದದ್ದು ನಾನೇ.

ಜೆಮೀಮ ದೊಡ್ಡವಳಾಗಿ ಜರ್ಮನಿಯ ಸಂಗೀತ ಕಾಲೇಜಿಗೆ ಹೊರಟಳು. ಮಾಸ್ತರರು ನನ್ನನ್ನು ಕರವಸ್ತ್ರದಲ್ಲಿ ಸುತ್ತಿ ಅವಳಿಗೆ ಕೊಟ್ಟರು. "ಅಲ್ಲಿಯದ್ದೇ ಇದು, ಅಲ್ಲಿಗೇ ಹೋಗ್ತಾ ಉಂಟು. ಊರು ಬದಲಾಗ್ತದೆ ಮಗಾ, ಸ್ವರ ಬದಲಾಗುವುದಿಲ್ಲ. ಗೊಂದಲ ಆದ್ರೆ ಇದನ್ನು ಕೇಳು."

"ಕೇಳಿದ್ರೆ ಊಟ ಹಾಕ್ತದಾ ಅದು?" ಎನ್ನುತ್ತ ಸುಗುಣಕ್ಕ ಇನ್ನೊಂದು ಕಟ್ಟು ಹಪ್ಪಳ ತುರುಕಿದರು.

ಮಾಸ್ತರರ ಮಾತನ್ನು ಜೆಮೀಮ ನಂಬಿದಳು. ನಾನೂ ನಂಬಿದೆ.

ನಾನಿಲ್ಲದ ನೂರು ವರ್ಷಗಳಲ್ಲಿ ಅಲ್ಲಿಯ ವಾದ್ಯಗಳು ಶ್ರುತಿಯನ್ನು ಚೂರುಚೂರೇ ಮೇಲಕ್ಕೆ ಏರಿಸಿಕೊಂಡಿದ್ದವು. ಇದು ನನಗೂ ಗೊತ್ತಿರಲಿಲ್ಲ, ಅವಳಿಗೂ ಗೊತ್ತಿರಲಿಲ್ಲ. ಪಿಯಾನೋ ಜೊತೆಗಿದ್ದರೆ ಅವಳಿಗೆ ತೊಂದರೆಯಿಲ್ಲ. ಒಬ್ಬಳೇ ಹಾಡಿದರೆ ದನಿ ತಾನಾಗಿ ನನ್ನ ಕಡೆಗೆ ಇಳಿಯುತ್ತಿತ್ತು. "ನಿನ್ನ ಕಿವಿ ಕೆಳಗೆ ಎಳೆಯುತ್ತದೆ" ಎಂದರು ಅಧ್ಯಾಪಕರು. ಕೋಣೆಗೆ ಬಂದು, ಮಂಚದ ಅಂಚಿನಲ್ಲಿ ಕೂತು, ನನ್ನನ್ನು ತಟ್ಟಿ ಹಾಡುತ್ತಿದ್ದಳು. ಸರಿಯಾಗಿಯೇ ಇತ್ತು. ಮರುದಿನ ಮತ್ತೆ ಅದೇ ಮಾತು. ತುಕ್ಕು ಹಿಡಿದ ನನ್ನನ್ನು ಯಾರಿಗಾದರೂ ತೋರಿಸಲು ಅವಳಿಗೆ ನಾಚಿಕೆ. ತಪ್ಪು ಎಲ್ಲಿದೆ ಎಂದು ತಪ್ಪನ್ನೇ ಕೇಳುತ್ತಿದ್ದಳು. ನಾನು ಪ್ರತಿ ಸಲವೂ ಉತ್ತರ ಕೊಟ್ಟೆ.

ಆಮೇಲೆ ಅವಳಿಗೆ ಒಂದು ಒಪೆರಾ ರಂಗಮಂದಿರದಲ್ಲಿ ಕೆಲಸ ಸಿಕ್ಕಿತು. ಒಪೆರಾ ಎಂದರೆ ಆದಿಯಿಂದ ಅಂತ್ಯದವರೆಗೆ ಹಾಡಿನಲ್ಲೇ ನಡೆಯುವ ನಾಟಕ. ನಾಲ್ಕು ವರ್ಷ ಅವಳು ದಾಸಿಯಾದಳು, ಪರದೆಯ ಹಿಂದಿನ ದನಿಯಾದಳು. ಐದನೆಯ ವರ್ಷ ನಾಯಕಿಯ ಪಾತ್ರ ಕೊಟ್ಟರು. ಗೋಪುರದಲ್ಲಿ ಕೂಡಿಹಾಕಿದ ಹುಡುಗಿಯ ಕತೆ. ಮೊದಲ ಹಾಡನ್ನು ಅವಳು ಗೋಪುರದ ಒಳಗಿನಿಂದ, ವಾದ್ಯವಿಲ್ಲದೆ, ಒಬ್ಬಳೇ ಹಾಡಬೇಕು. ಕೊನೆಯ ಸಾಲಿಗೆ ವಾದ್ಯಗಳು ಸೇರುತ್ತವೆ. ಇದರಲ್ಲಿ ಗೆದ್ದರೆ ಮುಂದೆಯೂ ನಾಯಕಿ. ಸೋತರೆ ಮತ್ತೆ ಪರದೆಯ ಹಿಂದೆ.

ಹೀಗೆ ಒಳಗಿನಿಂದ ಹಾಡುವವರಿಗೆ ಸ್ವರ ಕೊಡಲು ಅಲ್ಲಿ ಒಬ್ಬ ಸಹಾಯಕ ಸಣ್ಣ ಕೀಬೋರ್ಡ್ ಇಟ್ಟುಕೊಂಡು ನಿಂತಿರುತ್ತಾನೆ. ಅಭ್ಯಾಸದ ದಿನಗಳಲ್ಲೆಲ್ಲ ಅವಳು ಅವನಿಂದಲೇ ಸ್ವರ ತೆಗೆದುಕೊಂಡಳು. ಎಲ್ಲೂ ತಪ್ಪಲಿಲ್ಲ.

ಮೊದಲ ಪ್ರದರ್ಶನದ ದಿನ ಮಧ್ಯಾಹ್ನ ಸುಗುಣಕ್ಕನ ಫೋನ್ ಬಂತು.

"ಜೆಮೀ, ಮಾಸ್ತರ್ರು ಹೋದ್ರು. ಬೆಳಿಗ್ಗೆ ಚಾ ಕುಡಿದು ಕೂತವರು ಏಳಲಿಲ್ಲ."

"ಹೌದಾ."

"ನೀನು ಬರುವುದೆಲ್ಲ ಬೇಡ. ಹಾಡು."

"ಆಯ್ತು ದೊಡ್ಡಮ್ಮ."

ಫೋನ್ ಇಟ್ಟು, ತೊಳೆದಿಟ್ಟಿದ್ದ ಲೋಟವನ್ನು ಇನ್ನೊಮ್ಮೆ ತೊಳೆದಳು. ಒರೆಸಿದಳು. ಅಳಲಿಲ್ಲ. ಸಂಜೆ ಅವಳ ಬೆನ್ನಿನ ದಾರಗಳನ್ನು ಬಿಗಿದು ಉಡುಪು ಕಟ್ಟಿದಾಗ ನಾನು ತೋಳಿನ ಮಡಿಕೆಯೊಳಗಿದ್ದೆ.

ಗೋಪುರದ ಒಳಗೆ ಕತ್ತಲು. ಸಹಾಯಕನ ಬೆರಳು ಕೀಬೋರ್ಡಿನ ಮೇಲಿತ್ತು. ಅವಳು ಅಂಗೈ ಎತ್ತಿ ತಡೆದಳು.

"ಬೇಡ. ನನ್ನ ಹತ್ತಿರ ಇದೆ."

ನನ್ನನ್ನು ಮೊಣಕಾಲಿಗೆ ತಟ್ಟಿ ಕಿವಿಗೆ ಹಿಡಿದಳು. ನನ್ನಲ್ಲಿದ್ದದ್ದನ್ನೆಲ್ಲ ಕೊಟ್ಟೆ.

ಅವಳು ಅಷ್ಟು ಚೆನ್ನಾಗಿ ಎಂದೂ ಹಾಡಿರಲಿಲ್ಲ. ಆಚೆ ಒಂದು ಕುರ್ಚಿಯೂ ಕಿರುಗುಟ್ಟಲಿಲ್ಲ. ಕೊನೆಯ ಸಾಲಿಗೆ ಅರವತ್ತು ವಾದ್ಯಗಳು ಒಟ್ಟಿಗೆ ಎದ್ದವು. ಅವಷ್ಟೂ ನಮಗಿಂತ ಮೇಲಿದ್ದವು, ತುಸುವೇ. ಕೈಗೆ ಸಿಗದಷ್ಟು. ಅವಳು ಒಂದೇ ಉಸಿರಿನಲ್ಲಿ ಅಲ್ಲಿಗೆ ಹತ್ತಲು ಹೋದಳು. ದನಿ ನಡುವೆ ಒಡೆಯಿತು. ಯಾರೋ ಕೆಮ್ಮಿದರು.

ಮುಂದಿನ ವಾರದಿಂದ ಆ ಪಾತ್ರವನ್ನು ಬೇರೆ ಹುಡುಗಿ ಮಾಡಿದಳು.

ರಂಗಮಂದಿರದ ಪಿಯಾನೋಗಳಿಗೆ ಶ್ರುತಿ ಕೂಡಿಸುವ ವೆಂಟ್ ಎಂಬ ಮುದುಕನಿದ್ದ. ಜೆಮೀಮ ಕೊನೆಗೆ ನನ್ನನ್ನು ಅವನ ಮೇಜಿನ ಮೇಲೆ ಇಟ್ಟಳು. ಅವನು ತನ್ನ ಕವೆಯನ್ನೂ ನನ್ನನ್ನೂ ಒಟ್ಟಿಗೆ ತಟ್ಟಿದ. ನಮ್ಮಿಬ್ಬರ ನಡುವೆ ನಾದ ಚಳಿಗೆ ಹಲ್ಲು ಕಟಕಟಿಸಿದಂತೆ ನಡುಗಿತು.

"ನಿನ್ನ ಕಿವಿಯಲ್ಲಿ ದೋಷವಿಲ್ಲ" ಎಂದ. "ಇದು ನನ್ನ ಮುತ್ತಜ್ಜನ ಕಾಲದ ಶ್ರುತಿ. ಇದನ್ನು ಕೇಳಿ ಹಾಡುವವರು ಈಗ ಯಾರೂ ಇಲ್ಲ."

"ಇದ್ದಾರೆ" ಎಂದಳು ಜೆಮೀಮ.

"ಕಾಲಿನ ತುದಿ ಸ್ವಲ್ಪ ಉಜ್ಜಿದರೆ ಸರಿಹೋಗುತ್ತದೆ. ಹತ್ತು ನಿಮಿಷ ಸಾಕು."

ನನ್ನನ್ನು ಮೇಜಿನ ತಿರುಪಿನ ಇಕ್ಕಳದಲ್ಲಿ ಬಿಗಿದು ಅರ ತೆಗೆದುಕೊಂಡ. ಹುಟ್ಟಿದ ದಿನದ ನೆನಪಾಯಿತು ನನಗೆ. ಜೆಮೀಮ ನೋಡುತ್ತ ನಿಂತಿದ್ದಳು. ಅರ ತಾಕುವ ಹೊತ್ತಿಗೆ "ಬಿಡಿ" ಎಂದಳು. ಅವನು ತಿರುಪು ಸಡಿಲಿಸಿದ.

ಒಂದು ವರ್ಷ ಅವಳು ವೆಂಟನ ಕವೆಯನ್ನು ಎರವಲು ಪಡೆದು, ದಿನವೂ ಅದನ್ನೇ ಕೇಳಿ ಕಿವಿಯನ್ನು ಬದಲಿಸಿಕೊಂಡಳು. ನಾನು ಕರವಸ್ತ್ರದೊಳಗಿದ್ದೆ.

ಮಾಸ್ತರರ ವರ್ಷದ ಪ್ರಾರ್ಥನೆಗೆ ಮಂಗಳೂರಿಗೆ ಹೋದೆವು. ಹಾಡುಗಾರರು ಒಂಬತ್ತು ಜನ ಉಳಿದಿದ್ದರು. "ನೀನೇ ಸ್ವರ ಕೊಡು" ಎಂದರು ಸುಗುಣಕ್ಕ. ಜೆಮೀಮ ಹೊಸ ಸ್ವರ ಗುನುಗಿದಳು. ಅದರಲ್ಲೇ ಶುರುಮಾಡಿದರು. ಎರಡನೆಯ ಚರಣ ಮುಗಿಯುವುದರೊಳಗೆ ಒಂಬತ್ತು ಜನವೂ ತಮಗೇ ತಿಳಿಯದೆ ನನ್ನ ಸ್ವರಕ್ಕೆ ಇಳಿದಿದ್ದರು. ಅವಳೊಬ್ಬಳೇ ಮೇಲೆ ಉಳಿದಳು. ಇಳಿಯಲು ನೋಡಿದಳು. ಆಗಲಿಲ್ಲ. ಬಾಯಿ ಮುಚ್ಚಿ ನಿಂತಳು.

"ಎಂತ ಜೆಮೀ, ಸ್ವಲ್ಪ ಏರಿದ್ದಲ್ವಾ? ಕವೆ ಎಲ್ಲಿ, ಮಾರಿ ತಿಂದಿಯಾ?"

ಜೆಮೀಮ ನಕ್ಕಳು. ನನ್ನನ್ನು ಹೊರತೆಗೆದು ದೊಡ್ಡಮ್ಮನ ಕೈಯಲ್ಲಿಟ್ಟಳು. "ಇದು ಇಲ್ಲೇ ಇರಲಿ."

"ನಮಗೆ ಎಂತಕ್ಕೆ? ಅವರು ಹೇಳಿಕೊಟ್ಟದ್ದು ಗಂಟಲಲ್ಲೇ ಉಂಟು." ಸುಗುಣಕ್ಕ ನನ್ನನ್ನು ಅವಳ ಚೀಲಕ್ಕೆ ಹಾಕಿ ಜಿಪ್ ಎಳೆದರು. "ಅಲ್ಲಿ ಒಬ್ಬಳೇ ಇರ್ತಿ. ಇಟ್ಕೋ."

ಈಗ ಅವಳು ಇನ್ನೂ ದೊಡ್ಡ ರಂಗಮಂದಿರದಲ್ಲಿದ್ದಾಳೆ. ಗೋಡೆಯ ಮೇಲೆ ಅವಳ ಹೆಸರು, ಚಿತ್ರ. ನಾನು ಅವಳು ಬಣ್ಣ ಹಚ್ಚಿಕೊಳ್ಳುವ ಮೇಜಿನ ಖಾನೆಯಲ್ಲಿ ಹೇರ್‌ಪಿನ್ನುಗಳ ನಡುವೆ ಇದ್ದೇನೆ. ಪ್ರತಿ ಪ್ರದರ್ಶನಕ್ಕೂ ಮೊದಲು ಖಾನೆ ಎಳೆದು ನನ್ನನ್ನು ಕೈಗೆತ್ತಿಕೊಳ್ಳುತ್ತಾಳೆ. ತಟ್ಟುವುದಿಲ್ಲ. ಎರಡೂ ಕಾಲುಗಳನ್ನು ಎರಡು ಬೆರಳಿನಲ್ಲಿ ಒತ್ತಿ ಹಿಡಿಯುತ್ತಾಳೆ. ಹಾಗೆ ಹಿಡಿದರೆ ನಾನು ಮಿಡಿಯಲಾರೆ. ಮತ್ತೆ ನನ್ನನ್ನು ಒಳಗಿಟ್ಟು ಹೋಗುತ್ತಾಳೆ. ಹೋಗಿ, ಅವರ ಕೀಬೋರ್ಡಿನಿಂದ ಸ್ವರ ತೆಗೆದುಕೊಂಡು, ಒಂದಿಷ್ಟೂ ತಪ್ಪದೆ ಹಾಡುತ್ತಾಳೆ. ಖಾನೆಯ ಸಂದಿನಿಂದ ಕೇಳಿಸುತ್ತದೆ. ಅದರಲ್ಲಿ ನಾನು ಎಲ್ಲೂ ಇಲ್ಲ.

ಅವಳ ಬೆರಳಿನ ಬಿಸಿ ಸ್ವಲ್ಪ ಹೊತ್ತು ನನ್ನಲ್ಲಿರುತ್ತದೆ. ಬಿಸಿಗೆ ಉಕ್ಕಿನ ಸ್ವರ ಒಂದು ಕೂದಲೆಳೆ ಇಳಿಯುತ್ತದೆ. ಆಗ ಮಾತ್ರ ನಾನು ನಾನಲ್ಲ. ಚಪ್ಪಾಳೆ ಕೇಳುವ ಹೊತ್ತಿಗೆ ತಣ್ಣಗಾಗಿ, ನನ್ನ ಸ್ವರಕ್ಕೆ ಮರಳಿರುತ್ತೇನೆ.